ಕಲಿಸುವವರು ವಾರ್ಡಿಗೆ ಬರ್ತಾರಾ?



ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ನಮ್ಮ ಸಂಘಗಳ ಸಭೆಯಲ್ಲಿ ಒಂದು ಬಗೆಯ ಸಾಲದ ಅರ್ಜಿ ತಪ್ಪದೆ ಬರ್ತದೆ. "ಮಗಳನ್ನು ನರ್ಸಿಂಗ್‌ಗೆ ಹಾಕಬೇಕು ಸಿಸ್ಟರ್, ಸಂಘದಿಂದ ಎಷ್ಟು ಸಿಗ್ತದೆ?" ಭಟ್ಕಳದಲ್ಲಿ ಮಲ್ಲಿಗೆ ಕಟ್ಟಿ ಮಾರುವವರು, ಹೊನ್ನಾವರದಲ್ಲಿ ಮೀನಿನ ಬುಟ್ಟಿ ಹೊರುವವರು, ಕುಮಟಾದಲ್ಲಿ ಗೇರುಬೀಜದ ಕೆಲಸಕ್ಕೆ ಹೋಗುವವರು, ಎಲ್ಲರ ಮನೆಯಲ್ಲೂ ಈ ಆಸೆ ಉಂಟು. ಆಸೆ ತಪ್ಪಲ್ಲ. ನರ್ಸಿಂಗ್ ಕಲಿತ ಒಬ್ಬ ಹುಡುಗಿ ಇಡೀ ಮನೆಯನ್ನು ಮೇಲಕ್ಕೆ ಎತ್ತಿದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ.

ಅರ್ಜಿ ಬಂದಾಗ ಸಂಘದಲ್ಲಿ ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿವೆ. ಫೀಸು ಎಷ್ಟು? ಹಾಸ್ಟೆಲ್ ಉಂಟಾ? ಊಟಕ್ಕೆ ಬೇರೆ ಕೊಡಬೇಕಾ? ಕಲಿತ ಮೇಲೆ ಕೆಲಸ ಅವರೇ ಕೊಡಿಸ್ತಾರಾ? ಇವೆಲ್ಲ ಕೇಳಬೇಕಾದ ಪ್ರಶ್ನೆಗಳೇ. ಆದರೆ ಇಷ್ಟು ವರ್ಷಗಳಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾವ ತಾಯಿಯೂ ಕೇಳಿದ್ದು ನಾನು ಕೇಳಿಲ್ಲ. ನಿಜ ಹೇಳಬೇಕೆಂದರೆ ಮೊದಲೆಲ್ಲ ನನಗೂ ಅದು ಹೊಳೆದಿರಲಿಲ್ಲ. "ಅಲ್ಲಿ ಕಲಿಸುವ ಮೇಡಂ ಸ್ವತಃ ರೋಗಿಗಳ ಆರೈಕೆ ಮಾಡ್ತಾರಾ?"

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ನಮ್ಮ ಒಂದು ಸಂಘದ ಸದಸ್ಯೆಯ ಮಗಳಿಂದ. ದೂರದ ಊರಿನ ಒಂದು ಸಂಸ್ಥೆಯಲ್ಲಿ ಜಿ.ಎನ್.ಎಂ. ಮುಗಿಸಿ ಬಂದ ಹುಡುಗಿ. ಊರು ಯಾವುದು, ಸಂಸ್ಥೆ ಯಾವುದು ಎಂದು ಬರೆಯುವುದಿಲ್ಲ. ತಾಯಿ ಸಂಘದ ಸಾಲ ತೆಗೆದಿದ್ದರು, ಸೊಸೈಟಿಯಲ್ಲಿ ಕೊರಳಿನ ಸರ ಅಡವಿಟ್ಟಿದ್ದರು. ಮಗಳಿಗೆ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮೊದಲ ವಾರವೇ ರಾತ್ರಿ ಪಾಳಿ. ವಾಂತಿ ಭೇದಿಯಿಂದ ಒಣಗಿಹೋದ ಒಬ್ಬ ಅಜ್ಜ ಬಂದರು. ಸಲೈನ್ ಹಾಕಬೇಕು, ನರ ಸಿಗುವುದಿಲ್ಲ. ಒಂದು ಸಲ ಚುಚ್ಚಿದಳು, ಎರಡು ಸಲ, ಮೂರು ಸಲ. ಅಜ್ಜನ ಸೊಸೆ ಬೈಯಲಿಕ್ಕೆ ಶುರು ಮಾಡಿದಳು. ಹುಡುಗಿಯ ಕೈ ನಡುಗಿ ಸೂಜಿ ಕೆಳಗೆ ಬಿತ್ತು. ಕೊನೆಗೆ ಮೇಲಿನ ಮಹಡಿಯಿಂದ ಹಳೆಯ ನರ್ಸಮ್ಮ ಬಂದು ಅಜ್ಜನ ಕೈಯನ್ನು ಮಂಚದಿಂದ ಕೆಳಗೆ ಇಳಿಬಿಟ್ಟು, ಬಿಸಿನೀರಿನ ಬಟ್ಟೆ ಸುತ್ತಿ, ಎರಡು ನಿಮಿಷ ಕಾದು, ಬೆರಳಿನಿಂದ ಮುಟ್ಟಿ ನೋಡಿ ಒಂದೇ ಸಲಕ್ಕೆ ಹಾಕಿದರಂತೆ.

ಮರುದಿನ ಆ ಹುಡುಗಿ ನನ್ನ ಹತ್ತಿರ ಬಂದು ಅತ್ತಳು. ಅವಳು ಹೇಳಿದ ಮಾತು ಇದು: "ಸಿಸ್ಟರ್, ಮೂರು ವರ್ಷದಲ್ಲಿ ನಮ್ಮ ಮೇಡಂ ಒಬ್ಬ ರೋಗಿಗೆ ಸೂಜಿ ಹಾಕಿದ್ದನ್ನು ನಾನು ನೋಡಲಿಲ್ಲ. ಗೊಂಬೆಗೆ ಹಾಕಿ ತೋರಿಸಿದ್ದರು. ಗೊಂಬೆಗೆ ನರ ಯಾವಾಗಲೂ ಸಿಗ್ತದೆ."

ಅವಳು ದಡ್ಡಿಯಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ದೇಹದಲ್ಲಿ ನೀರಿನಂಶ ಕಡಿಮೆಯಾದರೆ ನರ ಕುಗ್ಗುತ್ತದೆ ಎಂದು ಪುಸ್ತಕದಲ್ಲಿ ಓದಿಯೂ ಇದ್ದಳು. ಆದರೆ ಕುಗ್ಗಿದ ನರವನ್ನು ಹೇಗೆ ಹುಡುಕುವುದು ಎಂದು ಪಕ್ಕದಲ್ಲಿ ನಿಂತು ಕೈ ಹಿಡಿದು ತೋರಿಸುವವರು ಅವಳಿಗೆ ಸಿಕ್ಕಿರಲಿಲ್ಲ.

ನಮ್ಮ ಟೈಲರಿಂಗ್ ತರಬೇತಿಯನ್ನು ನೆನಪು ಮಾಡಿಕೊಳ್ಳಿ. ಬೋರ್ಡಿನ ಮೇಲೆ ರವಿಕೆಯ ಅಳತೆ ಚಂದ ಬರೆದು ತೋರಿಸಿ, ಮೆಷಿನ್ ಹತ್ತಿರ ಬಾರದ ಟೀಚರಿಂದ ಯಾರಾದರೂ ಹೊಲಿಗೆ ಕಲಿತದ್ದುಂಟಾ? ದಾರ ಯಾಕೆ ತುಂಡಾಗ್ತದೆ, ಜಾರುವ ಸೀರೆ ಬಟ್ಟೆಯನ್ನು ಹೇಗೆ ಹಿಡಿಯಬೇಕು, ಇವೆಲ್ಲ ದಿನಾ ಹೊಲಿಯುವವರ ಕೈಯಲ್ಲಿ ಇರುವ ವಿದ್ಯೆ. ಹೊಲಿಯುವುದನ್ನು ಬಿಟ್ಟು ಹತ್ತು ವರ್ಷ ಆದವರಿಗೆ ಅದು ಮರೆತುಹೋಗ್ತದೆ, ಜೊತೆಗೆ ಹೊಸ ಮೆಷಿನ್ ಬಂದಿರ್ತದೆ. ನರ್ಸಿಂಗ್ ಕೂಡ ಹಾಗೆಯೇ. ಅಲ್ಲಿ ತಪ್ಪಾದರೆ ಬಿಚ್ಚಿ ಮತ್ತೆ ಹೊಲಿಯಲಿಕ್ಕೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಮೊದಲು ಹೇಗಿತ್ತು?

ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನ ನರ್ಸಿಂಗ್ ಶಾಲೆ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಶುರುವಾಯಿತು. ಅಲ್ಲಿ ಹುಡುಗಿಯರಿಗೆ ಕೆಲಸ ಕಲಿಸುತ್ತಿದ್ದವರು ವಾರ್ಡಿನ ಸಿಸ್ಟರುಗಳು. ಬೆಳಿಗ್ಗೆ ರೋಗಿಯ ಹಾಸಿಗೆ ಸರಿಪಡಿಸುವವರೂ ಅವರೇ, ಹೇಗೆ ಸರಿಪಡಿಸಬೇಕು ಎಂದು ಹೇಳಿಕೊಡುವವರೂ ಅವರೇ. ನಮ್ಮ ದೇಶದ ಮಿಶನ್ ಆಸ್ಪತ್ರೆಗಳಲ್ಲಿಯೂ ಬಹಳ ಕಾಲ ಹೀಗೆಯೇ ನಡೆಯಿತು. ಕನ್ಯಾಸ್ತ್ರೀಯರು ನಡೆಸುತ್ತಿದ್ದ ಆಸ್ಪತ್ರೆಗಳಲ್ಲಿ ವಾರ್ಡಿನ ಹೊಣೆ ಹೊತ್ತ ಸಿಸ್ಟರೇ ಮಧ್ಯಾಹ್ನ ತರಗತಿಯನ್ನೂ ತೆಗೆದುಕೊಳ್ಳುತ್ತಿದ್ದರು. ಆ ಕಾಲ ಎಲ್ಲ ಬಂಗಾರದ ಕಾಲ ಎಂದು ನಾನು ಹೇಳುವುದಿಲ್ಲ. ಕಲಿಯಲಿಕ್ಕೆ ಬಂದ ಹುಡುಗಿಯರನ್ನು ಸಂಬಳವಿಲ್ಲದ ಕೆಲಸದವರ ಹಾಗೆ ದುಡಿಸಿಕೊಂಡದ್ದೂ ಉಂಟು. ಓದಲಿಕ್ಕೆ ಸಮಯವೇ ಇರುತ್ತಿರಲಿಲ್ಲ.

ಆ ಕಾರಣಕ್ಕಾಗಿಯೇ ನರ್ಸಿಂಗ್ ಶಿಕ್ಷಣವನ್ನು ಆಸ್ಪತ್ರೆಯ ಕೈಯಿಂದ ಬಿಡಿಸಿ ಕಾಲೇಜು, ವಿಶ್ವವಿದ್ಯಾಲಯದ ಕಡೆಗೆ ತರಲಾಯಿತು. ಭಾರತದಲ್ಲಿ ನರ್ಸಿಂಗ್ ಪದವಿ ಶುರುವಾದದ್ದು 1946ರಲ್ಲಿ, ದೆಹಲಿಯಲ್ಲಿ ಮತ್ತು ವೆಲ್ಲೂರಿನಲ್ಲಿ. 1947ರ ಕಾಯ್ದೆಯಿಂದ ಭಾರತೀಯ ನರ್ಸಿಂಗ್ ಪರಿಷತ್ತು ಬಂತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಯಿತು. ಬಿ.ಎಸ್ಸಿ., ಎಂ.ಎಸ್ಸಿ., ಪಿಎಚ್.ಡಿ. ವರೆಗೆ ದಾರಿ ತೆರೆಯಿತು. ಹೆಣ್ಣುಮಕ್ಕಳ ದೃಷ್ಟಿಯಿಂದ ಇದು ದೊಡ್ಡ ಗೆಲುವು. ಆದರೆ ಇದರ ಜೊತೆಯಲ್ಲಿಯೇ ಒಂದು ಗೋಡೆಯೂ ಎದ್ದಿತು. ಕಲಿಸುವವರು ಗೋಡೆಯ ಈಚೆ, ಆರೈಕೆ ಮಾಡುವವರು ಆಚೆ. ಈಚೆಯವರಿಗೆ ಪ್ರಿನ್ಸಿಪಾಲರು ಮೇಲಧಿಕಾರಿ, ಆಚೆಯವರಿಗೆ ನರ್ಸಿಂಗ್ ಸೂಪರಿಂಟೆಂಡೆಂಟ್. ಎರಡು ಹಾಜರಿ ಪುಸ್ತಕ, ಎರಡು ಸಂಬಳದ ಪಟ್ಟಿ.

ನಿಯಮ ಎಂತ ಹೇಳ್ತದೆ?

ನಿಯಮ ಮಾಡಿದವರಿಗೆ ಈ ಗೋಡೆಯ ಅಪಾಯ ಗೊತ್ತಿತ್ತು. ಭಾರತೀಯ ನರ್ಸಿಂಗ್ ಪರಿಷತ್ತಿನ ಪದವಿ ಶಿಕ್ಷಣದ ನಿಯಮಾವಳಿಯಲ್ಲಿ, ಪ್ರಿನ್ಸಿಪಾಲರೂ ಸೇರಿ ಎಲ್ಲ ನರ್ಸಿಂಗ್ ಶಿಕ್ಷಕರು ದಿನಕ್ಕೆ ಕನಿಷ್ಠ 4 ಗಂಟೆ ಆಸ್ಪತ್ರೆಯಲ್ಲಿ ಕಲಿಸುವುದರಲ್ಲಿ ಅಥವಾ ಆರೈಕೆಯ ಮೇಲ್ವಿಚಾರಣೆಯಲ್ಲಿ ಇರಬೇಕು ಎಂದು ಬರೆದಿದೆ. ಈ ಸಾಲನ್ನು ಇನ್ನೊಮ್ಮೆ ಓದಿ. ಪ್ರಿನ್ಸಿಪಾಲರೂ ಸೇರಿ. ಹತ್ತು ವಿದ್ಯಾರ್ಥಿನಿಯರಿಗೆ ಒಬ್ಬ ಶಿಕ್ಷಕಿ ಇರಬೇಕು, ಒಬ್ಬ ವಿದ್ಯಾರ್ಥಿನಿಗೆ ಮೂವರು ರೋಗಿಗಳಾದರೂ ಸಿಗಬೇಕು, ಮಾತೃ ಆಸ್ಪತ್ರೆಯಲ್ಲಿ 100 ಹಾಸಿಗೆ ಇರಬೇಕು, ಅದರಲ್ಲಿ ಮುಕ್ಕಾಲು ಭಾಗವಾದರೂ ರೋಗಿಗಳಿಂದ ತುಂಬಿರಬೇಕು, ಅರೆಕಾಲಿಕ ಶಿಕ್ಷಕರನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬುದೂ ಅದರಲ್ಲಿ ಉಂಟು. ಕಾಗದದ ಮೇಲೆ ನಮ್ಮ ನಿಯಮ ಯಾವ ದೇಶಕ್ಕೂ ಕಡಿಮೆಯಲ್ಲ.

ಕಾಗದದಿಂದ ವಾರ್ಡಿಗೆ ಇಳಿಯುವಾಗ ಎಂತ ಆಗ್ತದೆ? ನಾನು ನೋಡಿದಂತೆ ಮೂರು ಥರದ ಬರುವಿಕೆ ಉಂಟು. ಕೆಲವರು ಬಂದು ವಿದ್ಯಾರ್ಥಿನಿಯರ ಹಾಜರಿ ತೆಗೆದು, ಯೂನಿಫಾರ್ಮು, ಉಗುರು ನೋಡಿ, ಲಾಗ್‌ಬುಕ್ಕಿಗೆ ಸಹಿ ಹಾಕಿ ಹೋಗ್ತಾರೆ. ಇದಕ್ಕೆ 4 ಗಂಟೆ ಬೇಡ, ಅರ್ಧ ಗಂಟೆ ಸಾಕು. ಇನ್ನು ಕೆಲವರು ವಿದ್ಯಾರ್ಥಿನಿಯ ಪಕ್ಕ ನಿಂತು, ಅವಳು ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದನ್ನು ನೋಡಿ, ತಪ್ಪಿದಲ್ಲಿ ಕೈ ಹಾಕಿ ತಿದ್ದಿ ಹೋಗ್ತಾರೆ. ಇದು ಒಳ್ಳೆಯದು, ನಿಯಮ ಕೇಳುವುದೂ ಇಷ್ಟನ್ನೇ. ಮೂರನೆಯದು ಅಪರೂಪ. ಶಿಕ್ಷಕಿ ತಾನೇ ಕೆಲವು ರೋಗಿಗಳ ಅಥವಾ ಒಂದು ವಾರ್ಡಿನ ಹೊಣೆ ಹೊತ್ತಿರ್ತಾರೆ. ಆ ರೋಗಿಗೆ ಬೆನ್ನಿನಲ್ಲಿ ಹುಣ್ಣು ಆದರೆ ಉತ್ತರ ಕೊಡಬೇಕಾದವರು ಅವರೇ. ಅಂಥವರು ತರಗತಿಯಲ್ಲಿ ಮಾತಾಡುವುದೇ ಬೇರೆ. "ಪುಸ್ತಕದಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದಿದೆ. ನಿನ್ನೆ ನಮ್ಮ ವಾರ್ಡಿನಲ್ಲಿ ಇಬ್ಬರೇ ಇದ್ದೆವು, ಹೇಗೆ ಮಾಡಿದೆವು ಹೇಳ್ತೇನೆ ಕೇಳಿ" ಎಂದು ಅವರು ಪಾಠ ಶುರು ಮಾಡಬಲ್ಲರು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಈ ಮೂರನೆಯ ದಾರಿಗೆ ಹೆಸರಾದ ಜಾಗ. ಡಾ. ಐಡಾ ಸ್ಕಡ್ಡರ್ ಅವರು 1909ರಲ್ಲಿ ಅಲ್ಲಿ ನರ್ಸುಗಳ ಶಾಲೆ ಶುರು ಮಾಡಿದರು. ಪದವಿ ಕಾಲೇಜು ಆದ ಮೇಲೂ ಅಲ್ಲಿ ಶಿಕ್ಷಣ ಮತ್ತು ಸೇವೆಯನ್ನು ಬೇರೆ ಮಾಡಲಿಲ್ಲ. ಕಲಿಸುವವರೇ ಆಸ್ಪತ್ರೆಯ ನರ್ಸಿಂಗ್ ವಿಭಾಗಗಳಲ್ಲಿಯೂ ಹೊಣೆ ಹೊರುತ್ತಾರೆ. ಇದನ್ನು ನರ್ಸಿಂಗ್ ಭಾಷೆಯಲ್ಲಿ ಇಬ್ಬಗೆಯ ಪಾತ್ರ ಎನ್ನಬಹುದು. ನಮ್ಮ ಹಳ್ಳಿಯ ಮಾತಿನಲ್ಲಿ ಎರಡು ದೋಣಿಯಲ್ಲಿ ಕಾಲು. ಹೌದು, ಕಷ್ಟ ಉಂಟು. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಪಾಠ, ರಾತ್ರಿ ಉತ್ತರಪತ್ರಿಕೆ ಎಂದಾದರೆ ಮನುಷ್ಯ ಸೋಲ್ತಾನೆ. ಜನರನ್ನು ಹೆಚ್ಚು ನೇಮಿಸದೆ ಇಬ್ಬಗೆಯ ಪಾತ್ರ ಎಂದು ಹೇಳಿ ಒಬ್ಬರಿಂದ ಇಬ್ಬರ ಕೆಲಸ ತೆಗೆಯುವ ಸಂಸ್ಥೆಯನ್ನು ನಾನು ಹೊಗಳುವುದಿಲ್ಲ.

ಲೆಕ್ಕಕ್ಕೆ ಬಾರದ ಕೆಲಸ

ಹಾಗಾದರೆ ಹೆಚ್ಚಿನ ಶಿಕ್ಷಕರು ಯಾಕೆ ವಾರ್ಡಿನಿಂದ ದೂರ ಉಳೀತಾರೆ? ಸೋಮಾರಿತನ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ಅನ್ಯಾಯ. ಮುಖ್ಯ ಕಾರಣ ಬೇರೆ. ನೀವು ಮನೆಯಲ್ಲಿ ದಿನವಿಡೀ ಮಾಡುವ ಕೆಲಸವನ್ನು ಯಾರಾದರೂ ಲೆಕ್ಕಕ್ಕೆ ಹಿಡೀತಾರಾ? ಗೇರುಬೀಜ ಸುಲಿದದ್ದಕ್ಕೆ ಕೂಲಿ ಬರ್ತದೆ, ಅತ್ತೆಯನ್ನು ನೋಡಿಕೊಂಡದ್ದಕ್ಕೆ ಬರುವುದಿಲ್ಲ. ಕಾಲೇಜಿನ ಮೇಡಂ ಅವರ ಕಥೆಯೂ ಅದೇ.

ಶಿಕ್ಷಕಿಗೆ ಬಡ್ತಿ ಸಿಗಬೇಕಾದರೆ ಎಂತ ಕೇಳ್ತಾರೆ? ಎಂ.ಎಸ್ಸಿ. ಆಗಿದೆಯಾ, ಪಿಎಚ್.ಡಿ. ಆಗಿದೆಯಾ, ಕಲಿಸಿದ ಅನುಭವ ಎಷ್ಟು ವರ್ಷ, ಎಷ್ಟು ಲೇಖನ ಪ್ರಕಟವಾಗಿದೆ. ವರ್ಷಕ್ಕೆ ಎಷ್ಟು ರೋಗಿಗಳ ಆರೈಕೆ ಮಾಡಿದಿರಿ ಎಂದು ಕೇಳುವ ಕಾಲಂ ಅರ್ಜಿಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಹೀಗಿರುವಾಗ ವಾರ್ಡಿನಲ್ಲಿ ನಿಂತ ನಾಲ್ಕು ಗಂಟೆ ಅವರ ಪಾಲಿಗೆ ನಷ್ಟದ ಬಾಬತ್ತು. ಅದೇ ಸಮಯದಲ್ಲಿ ಒಂದು ಲೇಖನ ಬರೆದರೆ ಮುಂದಿನ ಮೆಟ್ಟಿಲು ಹತ್ತಬಹುದು. ಎಂ.ಎಸ್ಸಿ. ಸೇರಲು ಒಂದು ವರ್ಷದ ಕೆಲಸದ ಅನುಭವ ಸಾಕು. ಆ ಒಂದು ವರ್ಷ ಮುಗಿಸಿ, ಎಂ.ಎಸ್ಸಿ. ಮಾಡಿ, ನೇರ ಪಾಠಕ್ಕೆ ನಿಂತವರು ಮತ್ತೆ ರೋಗಿಯನ್ನು ಮುಟ್ಟದೆಯೇ ಇಪ್ಪತ್ತು ವರ್ಷ ಕಳೆಯಬಹುದು. ಅಷ್ಟು ವರ್ಷ ದೂರ ಇದ್ದವರಿಗೆ ವಾರ್ಡಿಗೆ ಹೋಗಲಿಕ್ಕೆ ಒಳಗೊಳಗೇ ಹೆದರಿಕೆಯೂ ಆಗ್ತದೆ. ಹೊಸ ಪಂಪು, ಹೊಸ ಮಾನಿಟರು, ವಿದ್ಯಾರ್ಥಿನಿಯರ ಎದುರು ತನಗೆ ಗೊತ್ತಿಲ್ಲ ಎಂದು ತೋರಿಸಿಕೊಳ್ಳಲಿಕ್ಕೆ ಯಾರಿಗೆ ಇಷ್ಟ? ವಾರ್ಡಿನ ನರ್ಸುಗಳೂ ಕೆಲವು ಕಡೆ "ಬಂದರಪ್ಪ ಓದಿದವರು" ಎಂದು ಮೂಗು ಮುರೀತಾರೆ. ಎರಡೂ ಕಡೆಯವರ ನಡುವೆ ಪಾಪದ ಹುಡುಗಿಯರು.

ಈ ತೊಂದರೆ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1972ರಲ್ಲಿ ಲೊರೆಟ್ಟಾ ಫೋರ್ಡ್ ಎಂಬವರು ನರ್ಸಿಂಗ್ ಶಾಲೆಯ ಮುಖ್ಯಸ್ಥೆಯಾಗಿ ಬಂದು ಶಾಲೆಯನ್ನೂ ಆಸ್ಪತ್ರೆಯ ನರ್ಸಿಂಗ್ ಸೇವೆಯನ್ನೂ ಒಂದೇ ಛಾವಣಿಗೆ ತಂದರು. ಕಲಿಸುವವರು ಆರೈಕೆ ಮಾಡಬೇಕು, ಸಂಶೋಧನೆಯನ್ನೂ ಮಾಡಬೇಕು ಎಂಬುದು ಅವರ ಹಟ. ಅದೇ ಕಾಲಕ್ಕೆ ಶಿಕಾಗೋದ ರಶ್ ಆಸ್ಪತ್ರೆಯಲ್ಲಿ ಲೂಥರ್ ಕ್ರಿಸ್ಟ್‌ಮನ್ ಎಂಬ ಪುರುಷ ನರ್ಸ್ ಇಂಥದೇ ಪದ್ಧತಿ ತಂದರು. ಆದರೂ ಉಳಿದ ಕಡೆ ಬಡ್ತಿಯ ಸಮಯದಲ್ಲಿ ಲೇಖನಗಳಿಗೇ ತೂಕ. ವಾರ್ಡಿನ ಕೆಲಸವೂ ವಿದ್ವತ್ತಿನ ಒಂದು ಬಗೆ ಎಂದು ಅಲ್ಲಿನ ನರ್ಸಿಂಗ್ ಕಾಲೇಜುಗಳ ಸಂಘ 1999ರಲ್ಲಿ ಬರೆದು ಒಪ್ಪಿಕೊಂಡಿತು. ಇಂಗ್ಲೆಂಡಿನಲ್ಲಿ 1989ರಿಂದ ನರ್ಸಿಂಗ್ ಶಿಕ್ಷಣ ಆಸ್ಪತ್ರೆಯಿಂದ ಉನ್ನತ ಶಿಕ್ಷಣದ ಕಡೆಗೆ ಹೋದಾಗ ಶಿಕ್ಷಕರು ರೋಗಿಗಳಿಂದ ದೂರವಾದರು ಎಂಬ ಕೂಗು ಎದ್ದಿತು. ಅರ್ಧ ಸಮಯ ಕಾಲೇಜು, ಅರ್ಧ ಸಮಯ ವಾರ್ಡು ಎಂಬ ಹುದ್ದೆಗಳನ್ನು ಅಲ್ಲಿ ಮಾಡಿ ನೋಡಿದರು. ಸಂಬಳ ಕೊಟ್ಟು, ಸಮಯ ಕೊಟ್ಟು, ಬಡ್ತಿಯಲ್ಲಿ ಲೆಕ್ಕ ಹಿಡಿದ ಕಡೆ ಇದು ನಿಲ್ತದೆ. ಬರೇ ಸೇವಾಭಾವದ ಮೇಲೆ ಬಿಟ್ಟ ಕಡೆ ಬಾಳಿಕೆ ಬರುವುದಿಲ್ಲ. ಸೇವಾಭಾವದ ಬಗ್ಗೆ ಒಬ್ಬ ಕನ್ಯಾಸ್ತ್ರೀಯೇ ಹೀಗೆ ಬರೆಯುವುದೇ ಎಂದು ಕೇಳಬೇಡಿ. ಸೇವೆ ಎಂಬ ಹೆಸರಿನಲ್ಲಿ ಹೆಂಗಸರ ದುಡಿಮೆಯನ್ನು ಪುಕ್ಕಟೆ ತೆಗೆದುಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಶಿಕ್ಷಕರೇ ಇಲ್ಲದ ಕಾಲೇಜುಗಳ ಕಥೆ ಇನ್ನೂ ಘೋರ. ಮಧ್ಯಪ್ರದೇಶದಲ್ಲಿ ಹೈಕೋರ್ಟಿನ ಆದೇಶದ ಮೇಲೆ ಸಿ.ಬಿ.ಐ. ಅಲ್ಲಿನ ನರ್ಸಿಂಗ್ ಕಾಲೇಜುಗಳ ತನಿಖೆ ಮಾಡಿತು. ನೋಡಿದ 308 ಕಾಲೇಜುಗಳಲ್ಲಿ 169 ಮಾತ್ರ ಸರಿ ಇವೆ ಎಂದು ವರದಿ ಕೊಟ್ಟಿತು. ಆಸ್ಪತ್ರೆ ಇಲ್ಲದ ಕಾಲೇಜು, ಒಬ್ಬರೇ ಶಿಕ್ಷಕರ ಹೆಸರು ಹಲವು ಕಾಲೇಜುಗಳಲ್ಲಿ, ಇಂಥ ದೂರುಗಳೆಲ್ಲ ಹೊರಬಿದ್ದವು. 2024ರ ಮೇ ತಿಂಗಳಲ್ಲಿ ಪರಿಶೀಲನೆಗೆ ಹೋದ ಅಧಿಕಾರಿಗಳೇ ಲಂಚದ ಪ್ರಕರಣದಲ್ಲಿ ಬಂಧನವಾದರು. ಸರಿ ಇವೆ ಎಂದಿದ್ದ 169 ಕಾಲೇಜುಗಳನ್ನೂ ಮತ್ತೆ ನೋಡಿ ಎಂದು ಹೈಕೋರ್ಟು ಹೇಳಬೇಕಾಯಿತು. ಇನ್‌ಸ್ಪೆಕ್ಷನ್ ಆಗಿದೆ, ಸರ್ಟಿಫಿಕೇಟು ಗೋಡೆಗೆ ತೂಗುಹಾಕಿದೆ ಎಂಬುದನ್ನು ನೋಡಿ ಸುಮ್ಮನಾಗಬೇಡಿ ಎಂದು ನಾನು ಹೇಳುವುದು ಇದಕ್ಕೆ. 1947ರ ಪರಿಷತ್ತಿನ ಜಾಗಕ್ಕೆ ಹೊಸ ಆಯೋಗ ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಆದರೆ ಕಾಯ್ದೆ ಯಾವುದೇ ಇರಲಿ, ಬೆಳಿಗ್ಗೆ ಎಂಟು ಗಂಟೆಗೆ ವಾರ್ಡಿನಲ್ಲಿ ಮೇಡಂ ಇದ್ದಾರಾ ಎಂದು ದೆಹಲಿಯಿಂದ ಕಾಣುವುದಿಲ್ಲ.

ಮಂಚದ ಮೇಲೆ ಮಲಗುವವರು ನಾವೇ

ಇದು ಬರೀ ಮಗಳನ್ನು ಕಳಿಸುವವರ ವಿಷಯ ಎಂದುಕೊಳ್ಳಬೇಡಿ. ವಿದ್ಯಾರ್ಥಿನಿಯರು ಕಲಿಯುವುದು ಯಾರ ಮೇಲೆ? ಹೆಚ್ಚಾಗಿ ಬಡವರ ಮೇಲೆ. ಹೆರಿಗೆ ವಾರ್ಡಿನಲ್ಲಿ ಒಬ್ಬ ಬಸುರಿಯ ಸುತ್ತ ಐದಾರು ವಿದ್ಯಾರ್ಥಿನಿಯರು ನಿಂತದ್ದನ್ನು ನಿಮ್ಮಲ್ಲಿ ಅನೇಕರು ಅನುಭವಿಸಿದ್ದೀರಿ. ಅವರಿಗೆ ಲಾಗ್‌ಬುಕ್ಕಿನಲ್ಲಿ ಇಂತಿಷ್ಟು ಹೆರಿಗೆ ನೋಡಿದ, ಇಂತಿಷ್ಟು ಹೆರಿಗೆ ಮಾಡಿಸಿದ ಲೆಕ್ಕ ತುಂಬಬೇಕು. ಜೊತೆಗೆ ಶಿಕ್ಷಕಿ ಇಲ್ಲದಿದ್ದರೆ ಒಬ್ಬೊಬ್ಬರಾಗಿ ಬಂದು ಒಳಪರೀಕ್ಷೆ ಮಾಡಿ ಹೋಗುವುದೂ ಉಂಟು. ಮಲಗಿದವಳು ಹಲ್ಲು ಕಚ್ಚಿ ಸುಮ್ಮನಿರ್ತಾಳೆ, ಕೇಳಲಿಕ್ಕೆ ಹೆದರಿಕೆ. ಶಿಕ್ಷಕಿ ಅಲ್ಲಿದ್ದರೆ ಮೊದಲು ಪರದೆ ಎಳೀತಾರೆ. "ಅಮ್ಮಾ, ಈ ಹುಡುಗಿ ನೋಡಬಹುದಾ?" ಎಂದು ಕೇಳ್ತಾರೆ. ಒಬ್ಬಳಿಗೆ ಮಾತ್ರ ಅವಕಾಶ ಕೊಟ್ಟು ಉಳಿದವರನ್ನು ಹೊರಗೆ ಕಳಿಸ್ತಾರೆ. ನೋವು ಬಂದಾಗ ಸೊಂಟದ ಮೇಲೆ ಕೈ ಎಲ್ಲಿ ಇಡಬೇಕು ಎಂದು ತಾವೇ ಇಟ್ಟು ತೋರಿಸ್ತಾರೆ. ಆ ಹುಡುಗಿ ಅಂದು ಕಲಿಯುವುದು ಹೆರಿಗೆಯ ಕ್ರಮವನ್ನು ಮಾತ್ರ ಅಲ್ಲ, ಒಬ್ಬ ಹೆಂಗಸಿನ ಮಾನ ಕಾಯುವುದನ್ನು. ಇದು ಯಾವ ಗೊಂಬೆಯಿಂದಲೂ ಬರುವುದಿಲ್ಲ. ನಮ್ಮ ಹಳೆಯ ಸೂಲಗಿತ್ತಿಯರು ಅತ್ತೆಯ, ದೊಡ್ಡಮ್ಮನ ಪಕ್ಕ ಕೂತು ಕೈಯಿಂದ ಕೈಗೆ ಕಲಿತರು. ಅವರಿಗೆ ಶುಚಿತ್ವ ಗೊತ್ತಿಲ್ಲದೆ ಆದ ಸಾವುಗಳನ್ನು ನಾನು ಮರೆತಿಲ್ಲ. ಆದರೆ ಕಲಿಸುವ ಆ ರೀತಿಯನ್ನು ಯಾಕೆ ಬಿಡಬೇಕು?

ನಮ್ಮ ಮೂರು ತಾಲೂಕುಗಳಿಗೆ ಇದು ಇನ್ನೂ ಹತ್ತಿರದ ಮಾತು. ದೊಡ್ಡ ಕಾಯಿಲೆ, ದೊಡ್ಡ ಅಪಘಾತ ಆದರೆ ನಾವು ಹೆದ್ದಾರಿ ಹಿಡಿದು ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. ಕುಮಟಾದಿಂದ ಮಣಿಪಾಲ ನೂರು ಕಿಲೋಮೀಟರಿಗಿಂತ ದೂರ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತದ್ದು, ಆಮೇಲೆ ಜಿಲ್ಲೆಗೆ ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗೆ ಬಂದದ್ದು ನಿಮಗೆ ನೆನಪಿರಬಹುದು. ಆ ಬೇಡಿಕೆ ನ್ಯಾಯವಾದದ್ದು. ಆದರೆ ದೊಡ್ಡ ಆಸ್ಪತ್ರೆ ಬಂದರೂ ಬಾರದಿದ್ದರೂ ಮೊದಲ ಒಂದು ಗಂಟೆ ನಮ್ಮ ಜೀವ ಇರುವುದು ಹತ್ತಿರದ ಆಸ್ಪತ್ರೆಯ ನರ್ಸಿನ ಕೈಯಲ್ಲಿ. ಆ ಕೈಗೆ ಯಾರು ಕಲಿಸಿದರು ಎಂಬುದು ಅಲ್ಲಿ ಗೊತ್ತಾಗ್ತದೆ.

ಕೇಳುವುದು ಹೇಗೆ?

ಕಾಲೇಜಿನ ಆಫೀಸಿನಲ್ಲಿ ಕೇಳಿದರೆ "ಬರ್ತಾರೆ, ದಿನಾ ಬರ್ತಾರೆ" ಎಂದೇ ಹೇಳ್ತಾರೆ. ಅಲ್ಲಿ ಕೇಳಿ, ಆದರೆ ಅಲ್ಲಿಗೇ ನಿಲ್ಲಬೇಡಿ. ಎರಡನೆಯ, ಮೂರನೆಯ ವರ್ಷದ ಹುಡುಗಿಯರನ್ನು ಹಾಸ್ಟೆಲಿನ ಹತ್ತಿರ ಮಾತಾಡಿಸಿ. "ನಿಮ್ಮ ಮೇಡಂ ರೋಗಿಗೆ ಕೆಲಸ ಮಾಡಿದ್ದನ್ನು ಕೊನೆಯ ಸಲ ಯಾವಾಗ ನೋಡಿದಿರಿ?" ಎಂದು ಕೇಳಿ. ಅವರು ನಕ್ಕರೆ ನಿಮಗೆ ಉತ್ತರ ಸಿಕ್ಕಿತು. "ನಿನ್ನೆ ಬೈದರು ಆಂಟಿ, ಕೈ ತೊಳೆಯದೆ ಮುಟ್ಟಿದ್ದಕ್ಕೆ" ಎಂದರೆ ಆ ಕಾಲೇಜು ಒಳ್ಳೆಯದು, ಹುಡುಗಿ ಬೇಜಾರು ಮಾಡಿಕೊಂಡಿದ್ದರೂ ಅಡ್ಡಿಯಿಲ್ಲ.

ಆಮೇಲೆ ಹುಡುಗಿಯರನ್ನು ಕಲಿಸಲು ಕಳಿಸುವ ಆಸ್ಪತ್ರೆ ಯಾವುದು ಎಂದು ತಿಳಿದು, ಮುಂಚೆ ಹೇಳದೆ ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂತುಕೊಳ್ಳಿ. ಹಾಸಿಗೆಗಳಲ್ಲಿ ರೋಗಿಗಳಿದ್ದಾರಾ ಅಥವಾ ಖಾಲಿ ಮಂಚಗಳಾ? ರೋಗಿಗಳೇ ಇಲ್ಲದ ಆಸ್ಪತ್ರೆಗೆ ಮೇಡಂ ಬಂದರೂ ಎಂತ ಕಲಿಸ್ತಾರೆ? ವಾರ್ಡಿನ ನರ್ಸಿನ ಹತ್ತಿರ ಮರ್ಯಾದೆಯಿಂದ ಕೇಳಿ: ಕಾಲೇಜಿನವರು ಎಷ್ಟು ಹೊತ್ತಿಗೆ ಬರ್ತಾರೆ, ಎಷ್ಟು ಹೊತ್ತು ಇರ್ತಾರೆ, ಲಾಗ್‌ಬುಕ್ಕಿಗೆ ಸಹಿ ಹಾಕುವವರು ಕೆಲಸ ನೋಡಿ ಹಾಕ್ತಾರಾ, ತಿಂಗಳ ಕೊನೆಗೆ ರಾಶಿ ಹಾಕಿ ಹಾಕ್ತಾರಾ? ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವ ನಮಗೆ ಇಷ್ಟು ನೋಡಲಿಕ್ಕೆ ಕಷ್ಟ ಆಗಬಾರದು.

ಪ್ರಿನ್ಸಿಪಾಲರು ಸಿಕ್ಕಿದರೆ ಇನ್ನೊಂದು ಪ್ರಶ್ನೆ ಕೇಳಿ, ಇದು ಸ್ವಲ್ಪ ಖಾರ: "ವಾರ್ಡಿನಲ್ಲಿ ಚೆನ್ನಾಗಿ ಕೆಲಸ ಮಾಡುವ ಟೀಚರಿಗೆ ನಿಮ್ಮಲ್ಲಿ ಎಂತ ಸಿಗ್ತದೆ?" ಒಳ್ಳೆಯ ಸಂಸ್ಥೆಯವರು ಇದಕ್ಕೆ ಸಿಟ್ಟು ಮಾಡುವುದಿಲ್ಲ. ಪಾಠದ ಹೊರೆ ಕಡಿಮೆ ಮಾಡ್ತೇವೆ, ವರ್ಷಕ್ಕೆ ಇಷ್ಟು ವಾರ ವಾರ್ಡಿಗೇ ಹಾಕ್ತೇವೆ, ಬಡ್ತಿಯಲ್ಲಿ ನೋಡ್ತೇವೆ ಎಂದು ಏನಾದರೂ ಹೇಳ್ತಾರೆ. ಏನೂ ಸಿಗುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರೂ ಒಳ್ಳೆಯದೇ. ಪ್ರಶ್ನೆಯೇ ಅರ್ಥವಾಗದವರ ಹಾಗೆ ನೋಡಿದರೆ ಯೋಚನೆ ಮಾಡಿ.

ಹೊನ್ನಾವರದ ಸೇಂಟ್ ಇಗ್ನೇಷಿಯಸ್ ಆಸ್ಪತ್ರೆಯ ಜೊತೆ ನರ್ಸಿಂಗ್ ಶಿಕ್ಷಣ ಸಂಸ್ಥೆ ಇರುವುದು ನಿಮಗೆ ಗೊತ್ತು. ಮಣಿಪಾಲ, ಮಂಗಳೂರು, ಬೆಂಗಳೂರಿನಲ್ಲಿ ಬೇಕಾದಷ್ಟು ಉಂಟು. ಹತ್ತಿರದ್ದು, ಗುರ್ತದವರದ್ದು, ನಮ್ಮ ಚರ್ಚಿನವರದ್ದು ಎಂದು ಯಾವುದನ್ನೂ ಕೇಳದೆ ಬಿಡಬೇಡಿ. ನಮ್ಮವರನ್ನು ಮೊದಲು ಕೇಳಿ, ಅವರು ಉತ್ತರ ಕೊಡಬೇಕಾದವರು. ಬೆಂಗಳೂರಿನ ಏಜೆಂಟರು ಊರಿಗೆ ಬಂದು "ಸೀಟು ಇವತ್ತೇ ಬುಕ್ ಮಾಡಿ" ಎಂದರೆ ಆ ಗಡಿಬಿಡಿಗೆ ಸಿಕ್ಕಬೇಡಿ. ಸಂಸ್ಥೆಗೆ ಮಾನ್ಯತೆ ಉಂಟಾ ಎಂಬುದನ್ನು ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿಯೂ, ಬಿ.ಎಸ್ಸಿ. ಆದರೆ ಆರೋಗ್ಯ ವಿಶ್ವವಿದ್ಯಾಲಯದಲ್ಲಿಯೂ ವಿಚಾರಿಸಬಹುದು. ಮಕ್ಕಳು ಮೊಬೈಲಿನಲ್ಲಿಯೇ ನೋಡಿ ಹೇಳಬಲ್ಲರು. ಎ.ಎನ್.ಎಂ. 2 ವರ್ಷ, ಜಿ.ಎನ್.ಎಂ. 3 ವರ್ಷ, ಬಿ.ಎಸ್ಸಿ. 4 ವರ್ಷ. ಯಾವುದಕ್ಕೆ ಸೇರಿದರೂ ಈ ಲೇಖನದ ಪ್ರಶ್ನೆ ಒಂದೇ.

ಆ ಹುಡುಗಿ ಎಂತ ಆದಳು ಎಂದು ಕೇಳ್ತೀರಿ. ಅವಳು ಕೆಲಸ ಬಿಡಲಿಲ್ಲ. ಅದೇ ಹಳೆಯ ನರ್ಸಮ್ಮನ ಪಾಳಿ ಇರುವ ದಿನಗಳನ್ನೇ ಕೇಳಿ ಹಾಕಿಸಿಕೊಂಡು ಒಂದು ವರ್ಷ ಅವರ ಹಿಂದೆ ತಿರುಗಿದಳು. ಮೂರು ವರ್ಷದ ಫೀಸು ಕೊಟ್ಟು ಸಿಗದ್ದನ್ನು ಆಮೇಲೆ ಪುಕ್ಕಟೆ ಕಲಿತಳು. ಅವಳ ತಾಯಿ ಅಡವಿಟ್ಟ ಸರ ಬಿಡಿಸಿಕೊಂಡದ್ದು ಕಳೆದ ವರ್ಷ.

ಈ ಸಲ ಶಿಕ್ಷಣ ಸಾಲದ ಅರ್ಜಿ ಕೊಡುವವರು ಸೇರಿಸಬೇಕೆಂದಿರುವ ಕಾಲೇಜಿನ ಹೆಸರು, ಕಲಿಸುವ ಆಸ್ಪತ್ರೆಯ ಹೆಸರು ಎರಡನ್ನೂ ಬರೆದು ಸಂಘದ ಪ್ರತಿನಿಧಿಯ ಕೈಯಲ್ಲಿ ಕೊಡಿ. ಒಬ್ಬರೇ ಹೋಗಲು ಸಂಕೋಚ ಆದರೆ ಇಬ್ಬರು ಮೂವರು ಸದಸ್ಯೆಯರು ಸೇರಿ ಹೋಗಿ ಬನ್ನಿ, ಬಸ್ಸಿನ ಖರ್ಚನ್ನು ಸಂಘದಿಂದ ಕೊಡಬಹುದಾ ಎಂದು ಸಭೆಯಲ್ಲಿ ಇಟ್ಟು ತೀರ್ಮಾನ ಮಾಡಿ. ನಾನೂ ಜೊತೆಗೆ ಬರಬೇಕೆಂದರೆ ಒಂದು ವಾರ ಮುಂಚೆ ತಿಳಿಸಿ.